ಕಣ್ಣು ನೋಡುತ್ತದೆ, ಮಿದುಳು ಊಹಿಸುತ್ತದೆ

ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಎಂದರೆ ಹುಲ್ಲು, ಕುರುಚಲು ಗಿಡ, ಮೇಲೆ ವಿಶಾಲವಾದ ಆಕಾಶ. ಇಂಥ ಬಯಲಿನಂಚಿನಲ್ಲಿ ಹುಣ್ಣಿಮೆಯ ಚಂದ್ರ ಮೂಡುವುದನ್ನು ನೋಡಿದವರು ‘ಅಬ್ಬಾ, ಎಷ್ಟು ದೊಡ್ಡ ಚಂದ್ರ!’ ಎನ್ನದೆ ಇರಲಾರರು. ಅದೇ ಚಂದ್ರ ನಡುರಾತ್ರಿ ನೆತ್ತಿಯ ಮೇಲೆ ಬಂದಾಗ ಸಣ್ಣದಾಗಿ ಕಾಣುತ್ತಾನೆ. ಹಾಗಾದರೆ ಚಂದ್ರ ಕುಗ್ಗಿದನೇ?

ಇಲ್ಲ. ಪರೀಕ್ಷಿಸಲು ಒಂದು ಕಾಳುಮೆಣಸು ಸಾಕು. ಒಂದು ಕಣ್ಣು ಮುಚ್ಚಿ, ಕೈಯನ್ನು ಪೂರ್ತಿ ಚಾಚಿ, ಬೆರಳ ತುದಿಯಲ್ಲಿ ಹಿಡಿದ ಕಾಳನ್ನು ಚಂದ್ರನಿಗೆ ಅಡ್ಡ ತನ್ನಿ. ಮೂಡುವಾಗಲೂ ನೆತ್ತಿಯಲ್ಲಿರುವಾಗಲೂ ಅದು ಚಂದ್ರನನ್ನು ಹೆಚ್ಚುಕಡಿಮೆ ಒಂದೇ ರೀತಿ ಮರೆಮಾಡುತ್ತದೆ. ಕಣ್ಣಿನಲ್ಲಿ ಮೂಡುವ ಬಿಂಬದ ಅಳತೆ ಎರಡು ಹೊತ್ತಿನಲ್ಲೂ ಸುಮಾರು ಅರ್ಧ ಡಿಗ್ರಿಯೇ.

ಮೋಸಹೋಗುವುದು ಮಿದುಳು. ದೂರದ ಗಿಡಮರಗಳ ಆಚೆ ಮೂಡುವ ಚಂದ್ರ ಬಹಳ ದೂರದಲ್ಲಿದ್ದಾನೆಂದು ಅದು ಎಣಿಸುತ್ತದೆ. ಅಷ್ಟು ದೂರದಿಂದಲೂ ಇಷ್ಟು ಕಾಣಬೇಕಾದರೆ ದೊಡ್ಡದೇ ಇರಬೇಕು ಎಂದು ತೀರ್ಮಾನಿಸುತ್ತದೆ. ಎಲ್ಲ ವಿಜ್ಞಾನಿಗಳೂ ಒಪ್ಪಿದ ಉತ್ತರ ಇದಲ್ಲವಾದರೂ ಹೆಚ್ಚು ಕೇಳಿಬರುವ ವಿವರಣೆ ಇದೇ.

ಚಂದ್ರನ ವಿಷಯದಲ್ಲಿ ಇದು ಬರೀ ಸೋಜಿಗ. ವಿಮಾನ ಇಳಿಸುವವರಿಗಾದರೋ ಪ್ರಾಣದ ಪ್ರಶ್ನೆ. ರೂಢಿಗಿಂತ ಕಿರಿದಾದ ರನ್‌ವೇ ಎದುರಾದರೆ ಪೈಲಟ್‌ಗೆ ತಾನು ತೀರ ಎತ್ತರದಲ್ಲಿರುವಂತೆ ಭಾಸವಾಗುತ್ತದೆ. ಭ್ರಮೆಯನ್ನು ನಂಬಿ ಇನ್ನಷ್ಟು ಕೆಳಗಿಳಿದರೆ ರನ್‌ವೇ ಮುಟ್ಟುವ ಮೊದಲೇ ನೆಲ ತಾಗೀತು! ಅದಕ್ಕೆಂದೇ ಹಲವು ರನ್‌ವೇಗಳ ಪಕ್ಕದಲ್ಲಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ವಿಮಾನ ಅಪಾಯಕರವಾಗಿ ಕೆಳಗಿದೆ ಎಂದರ್ಥ.

ಪೈಲಟ್ಟೇ ಇಲ್ಲದಿದ್ದರೆ? ಅಂಥದೊಂದು ಪರೀಕ್ಷೆ ನಡೆದದ್ದು ವರವು ಕಾವಲಿನಲ್ಲೇ. ಅಲ್ಲಿರುವ ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಪರೀಕ್ಷಿಸಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಆ ರೆಕ್ಕೆಯ ವಾಹನ, ತಾನೇ ದಾರಿ ಹಿಡಿದು ರನ್‌ವೇಗೆ ಇಳಿಯಿತು. ಎತ್ತರ ತಿಳಿಯಲು ಅದರಲ್ಲಿದ್ದ ಉಪಕರಣಗಳಲ್ಲೊಂದು ರಾಡಾರ್ ಆಲ್ಟಿಮೀಟರ್. ನೆಲದತ್ತ ರೇಡಿಯೊ ಅಲೆ ಕಳಿಸಿ, ಅದು ಮರಳಿ ಬರಲು ಹಿಡಿದ ಸಮಯದಿಂದ ಎತ್ತರವನ್ನು ಲೆಕ್ಕಹಾಕುವುದು ಅದರ ಕೆಲಸ. ರನ್‌ವೇ ಕಿರಿದಾಗಿ ಕಂಡಿತೇ, ಅಗಲವಾಗಿ ಕಂಡಿತೇ ಎಂಬ ಗೊಡವೆ ಅದಕ್ಕಿಲ್ಲ.

ಹಾಗೆಂದು ಮಿದುಳಿನ ಊಹೆಯನ್ನು ಹಳಿಯಬೇಕಿಲ್ಲ. ಬರುವ ಚೆಂಡನ್ನು ಹಿಡಿಯಲು, ಬಸ್ಸು ಎಷ್ಟು ದೂರವಿದೆಯೆಂದು ನೋಡಿ ರಸ್ತೆ ದಾಟಲು ಅದೇ ಊಹೆ ಬೇಕು. ಬಹುಪಾಲು ಅದು ಸರಿಯಾಗಿಯೇ ಇರುತ್ತದೆ. ತಪ್ಪಿದರೆ ಅನಾಹುತವಾಗುವ ಕಡೆ ಮಾತ್ರ, ಕಂಡದ್ದನ್ನು ಅಳೆದು ನೋಡುವುದು ಜಾಣತನ.