ರಂಗದ ಪರದೆಯ ಚಿತ್ರಕಾರ

ನಾಟಕದಲ್ಲಿ ಪಾತ್ರಧಾರಿಗಳನ್ನು ಕೊಂಡಾಡುವ ನಾವು ಅವರ ಹಿಂದಿನ ಪರದೆಗಳನ್ನು ಬರೆದವರನ್ನು ನೆನೆಯುವುದು ಅಪರೂಪ. ಇಂಗ್ಲೆಂಡಿನ ಕ್ಲಾರ್ಕ್‌ಸನ್ ಸ್ಟಾನ್‌ಫೀಲ್ಡನು ಅಂಥವರಲ್ಲೊಬ್ಬನು. 1793ರಲ್ಲಿ ಸಂಡರ್ಲೆಂಡ್ ರೇವುಪಟ್ಟಣದಲ್ಲಿ ಜನಿಸಿದ ಈತನನ್ನು 1808ರಲ್ಲಿ ಬಲವಂತದಿಂದ ನೌಕಾದಳಕ್ಕೆ ಸೇರಿಸಲಾಯಿತು. ಕಡಲನ್ನು ಬಿಟ್ಟ ಮೇಲೆ ರಂಗದ ಪರದೆಗಳನ್ನು ಬರೆಯತೊಡಗಿ, 1823ರಿಂದ 1834ರವರೆಗೆ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ದುಡಿದನು.

ಪರದೆಯ ಚಿತ್ರವು ದೀಪದ ಬೆಳಕಿನಲ್ಲಿ, ಕಟ್ಟಕಡೆಗೆ ಕುಳಿತವರಿಗೂ ನಿಜವೆನಿಸಬೇಕು. ಆದುದರಿಂದ ಅಲ್ಲಿ ಸಣ್ಣ ಗೆರೆಗಳಿಗಿಂತ ಬೆಳಕು ನೆರಳುಗಳ ಹಂಚಿಕೆಯೇ ಮುಖ್ಯ. ನಮ್ಮ ಗಗನಚುಕ್ಕಿಯನ್ನು ದೂರದಿಂದ ಕಂಡವರು ಇದನ್ನು ಬಲ್ಲರು: ಕಣ್ಣಿಗೆ ಬೀಳುವುದು ಹನಿಗಳಲ್ಲ, ಬಿಳಿಯ ಧಾರೆ ಮತ್ತು ಬಂಡೆಯ ಕಪ್ಪು.

ಕಡಲಿನ ಹಾಗೂ ನಾಡಿನ ನೋಟಗಳನ್ನು ಬರೆದು ಹೆಸರಾದ ಈತನು 1835ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದನು; 1867ರಲ್ಲಿ ತೀರಿಕೊಂಡನು. ರಂಗದ ಪರದೆ ಬಹುಕಾಲ ಬಾಳದು; ಕೈಯ ಪಳಗಿಕೆ ಬಾಳುತ್ತದೆ. ಶಾಲೆಯ ನಾಟಕಕ್ಕೆ ಪರದೆ ಬರೆಯುವ ಬಾಲಿಕೆಯ ಶ್ರಮವನ್ನು ನಾವು ಕಾಲಹರಣವೆಂದು ಎಣಿಸದಿರೋಣ.