ಮನಸ್ಸಿಗೂ ಮಿದುಳಿಗೂ ಒಂದೇ ತರಗತಿ

ಜೋಡಿ ಗೆರೆಯಲ್ಲಿ ಬಿಡಿಸಿದ ಒಂದು ನಕ್ಷತ್ರ. ನೇರವಾಗಿ ಕಣ್ಣಿಗೆ ಬೀಳದಂತೆ ಅದಕ್ಕೊಂದು ಮರೆ, ಎದುರಿಗೆ ಕನ್ನಡಿ. ಬಿಂಬವನ್ನಷ್ಟೇ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಸಾಗಿಸಬೇಕು. ಮೇಲಕ್ಕೆ ಎಳೆಯಬೇಕೆಂದರೆ ಕೈ ಕೆಳಕ್ಕೆ ಜಾರುತ್ತದೆ, ಮೂಲೆ ಬಂದಾಗ ಪೆನ್ಸಿಲ್ ನಿಂತಲ್ಲೇ ತಡವರಿಸುತ್ತದೆ. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದ ಸಹಪಾಠಿ ಹೊತ್ತನ್ನೂ ತಪ್ಪುಗಳನ್ನೂ ಗುರುತು ಹಾಕಿಕೊಳ್ಳುತ್ತಾಳೆ. ಮಾಡುತ್ತ ಮಾಡುತ್ತ ತಪ್ಪು ಇಳಿಯುತ್ತದೆ. ಮನೋವಿಜ್ಞಾನ ಓದಿದವರಿಗೆ ಈ ಪ್ರಯೋಗ ಹೊಸದಲ್ಲ. ರೆಕಾರ್ಡ್ ಪುಸ್ತಕದಲ್ಲಿ ಗ್ರಾಫ್ ಬರೆದು, ಸಹಿ ಹಾಕಿಸಿಕೊಂಡು ಮರೆಯುವಂಥದ್ದು.

ಆದರೆ ಇದೇ ನಕ್ಷತ್ರವನ್ನು ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಒಬ್ಬ ರೋಗಿಯ ಮುಂದಿಟ್ಟಾಗ ಮಿದುಳಿನ ಅಧ್ಯಯನದ ದಿಕ್ಕೇ ಬದಲಾಯಿತು. ಆ ರೋಗಿ ಹೆನ್ರಿ ಮೊಲೈಸನ್. ಅಪಸ್ಮಾರ ಹತೋಟಿಗೆ ಬಾರದ್ದರಿಂದ 1953ರಲ್ಲಿ ಆತನ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದರು. ಆಮೇಲೆ ಹೊಸ ಸಂಗತಿ ಯಾವುದೂ ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಮಿಲ್ನರ್ ಮೂರು ದಿನ ಆತನಿಂದ ನಕ್ಷತ್ರ ಬರೆಸಿದರು. ಹಿಂದೆ ಮಾಡಿದ್ದೇನೆಂಬ ನೆನಪೇ ಆತನಿಗಿರಲಿಲ್ಲ. ಆದರೂ ದಿನದಿಂದ ದಿನಕ್ಕೆ ಕೈ ಪಳಗಿತು, ತಪ್ಪು ಕಡಿಮೆಯಾಯಿತು. ನೆನಪು ಎನ್ನುವುದು ಒಂದೇ ಅಲ್ಲ, ಕೈಗೆ ಕೂರುವ ಕಲಿಕೆಗೆ ಮಿದುಳಿನಲ್ಲಿ ಬೇರೆ ದಾರಿಯಿದೆ ಎಂಬುದು ಹಾಗೆ ತಿಳಿಯಿತು. ಮಿದುಳಿನ ರಚನೆಯನ್ನಷ್ಟೇ ಬಲ್ಲವರಿಗೆ ಈ ಪ್ರಯೋಗ ಹೊಳೆಯುತ್ತಿರಲಿಲ್ಲ. ಪ್ರಯೋಗವನ್ನಷ್ಟೇ ಬಲ್ಲವರಿಗೆ ಅದರ ಅರ್ಥ ಸಿಗುತ್ತಿರಲಿಲ್ಲ.

ಜೀವವಿಜ್ಞಾನ ಮತ್ತು ಮನೋವಿಜ್ಞಾನವನ್ನು ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಓದಬೇಕೆಂಬ ಮಾತು ಇತ್ತೀಚಿನ ಫ್ಯಾಷನ್ ಎಂದು ಹಲವರು ತಿಳಿದಿದ್ದಾರೆ. ಅವು ಹುಟ್ಟಿದ್ದೇ ಒಟ್ಟಿಗೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದ ವಿಲ್‌ಹೆಲ್ಮ್ ವುಂಟ್ ಓದಿದ್ದು ವೈದ್ಯಕೀಯ. ಪ್ರಯೋಗಾಲಯ ತೆರೆಯುವ ಮೊದಲು ಅವರು ಶರೀರವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ಗೆ ಸಹಾಯಕರಾಗಿದ್ದರು.

ಭಾರತಕ್ಕೂ ಈ ವಿದ್ಯೆ ಬಂದದ್ದು ಪ್ರಯೋಗಾಲಯದ ಬಾಗಿಲಿನಿಂದಲೇ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ಸಿದ್ಧಪಡಿಸಿದವರು ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಅಲ್ಲಿ 1916ರಲ್ಲಿ ವಿಭಾಗ ಶುರುವಾಯಿತು. ಅದೇ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಮೂರು ವರ್ಷ ಕಳೆಯುವಷ್ಟರಲ್ಲಿ, 1924ರಲ್ಲಿ, ಮೈಸೂರಿನಲ್ಲೂ ಮನೋವಿಜ್ಞಾನ ವಿಭಾಗ ತಲೆಯೆತ್ತಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿ, ಅದರ ಮೂಲಕ 'ಆಕಾಶವಾಣಿ' ಎಂಬ ಹೆಸರನ್ನು ನಾಡಿಗೆ ಕೊಟ್ಟವರೂ ಇವರೇ. ರೇಡಿಯೊ ಗೋಪಾಲಸ್ವಾಮಿಯವರನ್ನು ನೆನೆಯುವ ನಾವು ಮನೋವಿಜ್ಞಾನಿ ಗೋಪಾಲಸ್ವಾಮಿಯವರನ್ನು ಅಷ್ಟಾಗಿ ನೆನೆಯುವುದಿಲ್ಲ. ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಮುಂದಿನ ಹೆಜ್ಜೆ ಬೆಂಗಳೂರಿನದು. ದೇಶದ ಆರೋಗ್ಯ ಸೇವೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ ಶಿಫಾರಸಿನಂತೆ 1954ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷ ಎರಡು ಡಿಪ್ಲೊಮಾಗಳು ಒಟ್ಟಿಗೇ ಶುರುವಾದವು. ಒಂದು ವೈದ್ಯರಿಗೆ, ಇನ್ನೊಂದು ಮನೋವಿಜ್ಞಾನ ಓದಿದವರಿಗೆ. ಒಂದೇ ವಾರ್ಡಿನ ಅದೇ ರೋಗಿಗಳ ಮುಂದೆ ಇಬ್ಬರೂ ಕಲಿಯುವಂತಾಯಿತು. ನಮ್ಮ ನಾಡಿನಲ್ಲಿ ಈ ಎರಡು ವಿದ್ಯೆಗಳನ್ನು ನಿಜವಾಗಿ ಕೂಡಿಸಿದ್ದು ಇದೇ ಏರ್ಪಾಟು ಎನ್ನುವುದು ನನ್ನ ಅಭಿಪ್ರಾಯ. 1974ರಲ್ಲಿ ಆ ಸಂಸ್ಥೆ ಮತ್ತು ಆಸ್ಪತ್ರೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ನರರೋಗಶಾಸ್ತ್ರ ವಿಭಾಗದ ಮಿದುಳು ಮ್ಯೂಸಿಯಂಗೆ ಹೋದರೆ ದಾನವಾಗಿ ಬಂದ ನಿಜವಾದ ಮಿದುಳನ್ನು ಗ್ಲೌಸ್ ತೊಟ್ಟು ಕೈಯಲ್ಲಿ ಹಿಡಿದು ನೋಡಬಹುದು. ತೂಕ ಒಂದೂಕಾಲು ಕಿಲೋ ಆಸುಪಾಸು. ಮನೋವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆಯಾದರೂ ಹೋಗಿ ಬರಬೇಕಾದ ಜಾಗ ಅದು.

ಪದವಿ ಕಾಲೇಜುಗಳ ಕಥೆ ಮಾತ್ರ ಬೇರೆ ಹಾದಿ ಹಿಡಿಯಿತು. ಪಿಯುಸಿಯಲ್ಲಿ ಮನೋವಿಜ್ಞಾನ ಸಾಮಾನ್ಯವಾಗಿ ಆರ್ಟ್ಸ್ ಕಾಂಬಿನೇಷನ್ನಿನಲ್ಲಿ ಸಿಗುತ್ತದೆ, ಬಯಾಲಜಿ ಸೈನ್ಸ್‌ನಲ್ಲಿ. ಹತ್ತನೇ ತರಗತಿ ಮುಗಿಸಿದ ಹುಡುಗಿ ಒಂದನ್ನು ಆರಿಸಿದರೆ ಇನ್ನೊಂದು ಕೈತಪ್ಪುತ್ತದೆ. ಬಿ.ಎ.ಯಲ್ಲಿ ಸಮಾಜಶಾಸ್ತ್ರ, ಇತಿಹಾಸದ ಜೊತೆ ಮನೋವಿಜ್ಞಾನ ಓದಿದವರು ನರಕೋಶದ ಚಿತ್ರವನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವರು ಕಪ್ಪೆಯ ಮಿದುಳಿನ ಭಾಗಗಳನ್ನು ಗುರುತಿಸುತ್ತಾರೆ, ಆದರೆ ಭಯ, ಹಸಿವು, ನಿದ್ದೆಯ ಬಗ್ಗೆ ಕೇಳುವ ಅವಕಾಶವೇ ಅವರಿಗೆ ಬರುವುದಿಲ್ಲ. ಹಸಿವಿನ ವಿಷಯವನ್ನೇ ನೋಡಿ. 1951ರಲ್ಲಿ ಶರೀರವಿಜ್ಞಾನಿ ಬಿ.ಕೆ. ಆನಂದ್ ಅಮೆರಿಕದಲ್ಲಿ ಜಾನ್ ಬ್ರೋಬೆಕ್ ಜೊತೆ ಇಲಿಗಳ ಮಿದುಳಿನಲ್ಲಿ ಹೈಪೊಥಲಾಮಸ್‌ನ ಪಾರ್ಶ್ವ ಭಾಗಕ್ಕೆ ಹಾನಿ ಮಾಡಿ ನೋಡಿದಾಗ, ಅವು ಎದುರಿಗೆ ಆಹಾರವಿದ್ದರೂ ಮುಟ್ಟದಾದವು. ಭಾರತೀಯನೊಬ್ಬನ ಇಂಥ ಕೆಲಸ ನಮ್ಮ ಎರಡೂ ತರಗತಿಗಳಲ್ಲಿ ಅರ್ಧರ್ಧವಾಗಿ ಕಳೆದುಹೋಗುತ್ತಿದೆ.

ಈ ಒಡಕಿನ ಬಿಸಿ ತಟ್ಟುವುದು ಕೊನೆಯಲ್ಲಿ. ಕ್ಲಿನಿಕಲ್ ಸೈಕಾಲಜಿಯ ಉನ್ನತ ತರಬೇತಿಯಲ್ಲಿ ವರ್ತನೆಯ ಜೈವಿಕ ತಳಹದಿಯನ್ನೂ ಓದಬೇಕು. ಐದಾರು ವರ್ಷ ಬಯಾಲಜಿಯನ್ನೇ ಮುಟ್ಟದವರು ಅಲ್ಲಿ ನರಮಂಡಲದ ರಚನೆಯನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಬುದ್ಧಿವಂತರಾದ ಮಕ್ಕಳಿಗೂ ಅದು ಕಷ್ಟ.

ಬೆಂಗಳೂರಿನ ಕೆಲವು ಕಾಲೇಜುಗಳು ಬಿ.ಎಸ್ಸಿ.ಯಲ್ಲಿ ಮನೋವಿಜ್ಞಾನಕ್ಕೆ ಜಾಗ ಕೊಟ್ಟಿವೆ. ಜಿಲ್ಲಾ ಕೇಂದ್ರಗಳ ಸರ್ಕಾರಿ ಕಾಲೇಜುಗಳಿಗೂ ಇದು ಬರಬೇಕು. ಪ್ರಾಣಿಶಾಸ್ತ್ರದ ಲ್ಯಾಬ್ ಈಗಾಗಲೇ ಅಲ್ಲಿದೆ, ಮನೋವಿಜ್ಞಾನದ ಉಪಕರಣಗಳಿಗೆ ತಗಲುವ ಖರ್ಚು ದೊಡ್ಡದೇನಲ್ಲ. ಮಗಳು ಮನೋವಿಜ್ಞಾನ ಓದುತ್ತೇನೆಂದರೆ ತಂದೆತಾಯಂದಿರು ಬೇಡವೆನ್ನದಿರಲಿ. ಬಯಾಲಜಿಯನ್ನೂ ಬಿಡಬೇಡವೆಂದು ಅವಳಿಗೆ ಹೇಳಲಿ. ಎರಡನ್ನೂ ಕಲಿಸುವ ಕಾಲೇಜು ಊರಿನ ಹತ್ತಿರದಲ್ಲಿ ಇಲ್ಲದಿದ್ದರೆ, ಏಕಿಲ್ಲವೆಂದು ಪ್ರಾಂಶುಪಾಲರನ್ನು ಕೇಳಲಿ.