ಎದ್ದು ನಿಂತು ಲೆಕ್ಕ ಹೇಳುವ ಮುಳ್ಳು

ಉಬ್ಬಿದ ಗಾಜಿನೊಳಗೆ ಒಂದು ಪುಟ್ಟ ಲೋಹದ ಕಡ್ಡಿ. ಪೂರ್ತಿ ಕೀ ಕೊಟ್ಟಾಗ ಅದು ಡಯಲ್ ಮೇಲೆ ನೆಟ್ಟಗೆ ನಿಲ್ಲುತ್ತದೆ. ಒಳಗಿನ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಹೋದಂತೆ ಮೆಲ್ಲಗೆ ಬಾಗುತ್ತದೆ. ಸುಮಾರು 45 ಗಂಟೆ ಕಳೆಯುವಷ್ಟರಲ್ಲಿ ಅಡ್ಡ ಮಲಗಿರುತ್ತದೆ. ಜಿನೀವಾದ ಎಂಬಿ ಅಂಡ್ ಎಫ್ ಕಂಪನಿ 2011ರಲ್ಲಿ ಹೊರತಂದ 'ಲೆಗಸಿ ಮೆಷಿನ್ ನಂ. 1' ಕೈಗಡಿಯಾರದ ವಿಶೇಷ ಇದು. ಇನ್ನೆಷ್ಟು ಹೊತ್ತು ನಡೆಯಬಲ್ಲೆ ಎಂದು ಹೇಳುವ 'ಪವರ್ ರಿಸರ್ವ್' ಸೂಚಕ ಹೀಗೆ ಡಯಲ್‌ನಿಂದ ಮೇಲೆದ್ದು ನಿಂತದ್ದು ಇದರಲ್ಲೇ ಮೊದಲು.

ಸೂಚಕವೇನೂ ಹೊಸದಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲೇ ಗಡಿಯಾರ ತಯಾರಕ ಬ್ರೆಗೆ ತನ್ನ ಜೇಬು ಗಡಿಯಾರಗಳಲ್ಲಿ ಇದನ್ನು ಅಳವಡಿಸಿದ್ದ. ಆದರೆ ಇದು ನಿಜಕ್ಕೂ ಅನಿವಾರ್ಯವಾಗಿದ್ದದ್ದು ಹಡಗುಗಳಲ್ಲಿ. ನಡುಗಡಲಲ್ಲಿ ರೇಖಾಂಶ ಕಂಡುಕೊಳ್ಳಲು ನಾವಿಕರು ನಂಬಿದ್ದು ಕ್ರೋನೊಮೀಟರ್ ಎಂಬ ಗಡಿಯಾರವನ್ನು. ಅದು ನಾಲ್ಕು ನಿಮಿಷ ತಪ್ಪಿದರೆ ಲೆಕ್ಕ ಒಂದು ಡಿಗ್ರಿ ತಪ್ಪುತ್ತದೆ. ಸಮಭಾಜಕ ವೃತ್ತದ ಬಳಿಯಾದರೆ ಹಡಗು 60 ನಾಟಿಕಲ್ ಮೈಲಿ ಆಚೀಚೆ! ಕೀ ಕೊಡಲು ಮರೆತು ಗಡಿಯಾರ ನಿಂತೇ ಹೋದರಂತೂ ದೇವರೇ ಗತಿ. ಅದಕ್ಕೇ ಅದರ ಮುಖದಲ್ಲೊಂದು ಪುಟ್ಟ ಮುಳ್ಳು, ಕೀ ಕೊಟ್ಟು ಎಷ್ಟು ಗಂಟೆಯಾಯಿತೆಂದು ತೋರಿಸುತ್ತಿತ್ತು. ಕೈಗಡಿಯಾರಕ್ಕೆ ಇದು ಬಂದದ್ದು ತಡವಾಗಿ. 1948ರಲ್ಲಿ ಜೆಗರ್ ಲಕೂಲ್ತ್ರ್ ಕಂಪನಿಯ 'ಪವರ್‌ಮ್ಯಾಟಿಕ್' ಈ ಸೌಲಭ್ಯದೊಂದಿಗೆ ಮಾರುಕಟ್ಟೆಗೆ ಬಂತು.

ಒಳಗಿನ ಕರಾಮತ್ತು ತುಸು ನಿಧಾನವಾಗಿ ನೋಡಬೇಕಾದದ್ದು. ಸ್ಪ್ರಿಂಗ್ ಇರುವುದು ಹಲ್ಲುಗಳುಳ್ಳ ಒಂದು ಡಬ್ಬಿಯೊಳಗೆ. ಕೀ ಕೊಟ್ಟಾಗ ಡಬ್ಬಿಯ ನಡುವಿನ ಅಚ್ಚು ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಗಡಿಯಾರ ನಡೆಯುವಾಗ ಅಚ್ಚು ಅಲುಗುವುದಿಲ್ಲ, ಡಬ್ಬಿಯೇ ತಿರುಗುತ್ತದೆ. ಅಚ್ಚಿನ ಸುತ್ತು ಜಮಾ ಆದರೆ ಡಬ್ಬಿಯ ಸುತ್ತು ಖರ್ಚು. ಜಮಾದಿಂದ ಖರ್ಚನ್ನು ಕಳೆದು ಬಾಕಿ ಎಷ್ಟೆಂದು ಸೂಚಕ ಹೇಳಬೇಕು. ಕೀ ಕೊಡುತ್ತಿರುವಾಗಲೂ ಗಡಿಯಾರ ನಡೆಯುತ್ತಲೇ ಇರುವುದರಿಂದ ಎರಡೂ ಲೆಕ್ಕ ಒಟ್ಟಿಗೇ ನಡೆಯಬೇಕು. ಈ ಕೆಲಸವನ್ನು ಮಾಡುವುದು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ. ಲಾರಿಯ ಹಿಂದಿನ ಅಚ್ಚಿನಲ್ಲಿರುವುದೂ ಇದೇ ತತ್ವ. ಲೆಗಸಿ ಮೆಷಿನ್‌ನಲ್ಲಿ ಇದನ್ನು ಸೆರಾಮಿಕ್ ಬೇರಿಂಗ್‌ಗಳ ಮೇಲೆ ಅತಿ ತೆಳ್ಳಗೆ ಕೂರಿಸಿದ್ದಾರೆ.

ಎಂಬಿ ಅಂಡ್ ಎಫ್ ಕಂಪನಿಯನ್ನು 2005ರಲ್ಲಿ ಕಟ್ಟಿದ ಮ್ಯಾಕ್ಸಿಮಿಲಿಯನ್ ಬ್ಯುಸರ್ ಹುಟ್ಟಿದ್ದು 1967ರಲ್ಲಿ, ತಾಯಿ ಭಾರತೀಯರು. ತಾನು ನೂರು ವರ್ಷ ಮೊದಲು, 1867ರಲ್ಲಿ ಹುಟ್ಟಿದ್ದರೆ ಎಂಥ ಗಡಿಯಾರ ಮಾಡುತ್ತಿದ್ದೆ ಎಂಬ ಕಲ್ಪನೆಯೇ ಈ ಮಾದರಿಗೆ ಮೂಲ. ಐಫೆಲ್ ಗೋಪುರ, ಜೂಲ್ಸ್ ವರ್ನ್ ಕಾದಂಬರಿಗಳ ಕಾಲ ಅದು. ಯಂತ್ರಭಾಗವನ್ನು ರೂಪಿಸಿದವರು ಜಾನ್ ಫ್ರಾನ್ಸ್ವಾ ಮೊಜೋನ್. ಅದರ ಅಂದ ಮತ್ತು ಕೈಕೆಲಸದ ಹೊಣೆ ಫಿನ್ಲೆಂಡ್ ಮೂಲದ ಕಾರಿ ವೌಟಿಲೈನೆನ್ ಅವರದು. ಇಬ್ಬರ ಹೆಸರನ್ನೂ ಯಂತ್ರದ ಮೇಲೆ ಕೆತ್ತಿದ್ದಾರೆ. ದುಡಿದವರ ಹೆಸರು ಮುಚ್ಚಿಡುವುದೇ ಹೆಚ್ಚಿರುವ ಸ್ವಿಸ್ ಗಡಿಯಾರ ಲೋಕದಲ್ಲಿ ಇದು ದೊಡ್ಡ ಮಾತು.

ಗಡಿಯಾರದ ಲಯ ಕಾಯುವ, ಸಾಮಾನ್ಯವಾಗಿ ಹಿಂಬದಿಯಲ್ಲಿ ಅಡಗಿರುವ ಬ್ಯಾಲೆನ್ಸ್ ಚಕ್ರವೂ ಇಲ್ಲಿ ಡಯಲ್‌ನ ಮೇಲೆ ಎರಡು ಕಮಾನುಗಳಿಂದ ತೂಗುತ್ತದೆ. ಕೆಳಗೆ ಎರಡು ಪುಟ್ಟ ಡಯಲ್‌ಗಳು, ಎರಡು ಊರಿನ ಸಮಯಕ್ಕೆ. ಎರಡನೇ ಸಮಯ ತೋರಿಸುವ ಬಹುತೇಕ ಗಡಿಯಾರಗಳಲ್ಲಿ ಗಂಟೆಯನ್ನಷ್ಟೇ ಬದಲಿಸಬಹುದು. ಇದರಲ್ಲಿ ನಿಮಿಷವನ್ನೂ ಬೇರೆಯಾಗಿ ಹೊಂದಿಸಬಹುದು. ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದಿನ ಲೆಕ್ಕದಲ್ಲಿ ಬದುಕುವ ನಮಗೆ ಅದರ ಬೆಲೆ ಗೊತ್ತು. 2012ರ ಜಿನೀವಾ ಗಡಿಯಾರ ಪ್ರಶಸ್ತಿಗಳಲ್ಲಿ ಪುರುಷರ ವಿಭಾಗದ ಬಹುಮಾನ ಮತ್ತು ಸಾರ್ವಜನಿಕರ ಮತದ ಬಹುಮಾನ ಎರಡನ್ನೂ ಇದು ಗೆದ್ದಿತು.

ಹತ್ತಾರು ಲಕ್ಷ ರೂಪಾಯಿಯ ಈ ಗಡಿಯಾರದ ಎದ್ದು ನಿಲ್ಲುವ ಕಡ್ಡಿ, ಮಾಮೂಲಿ ಚಪ್ಪಟೆ ಮುಳ್ಳಿಗಿಂತ ಹೆಚ್ಚಿಗೆ ಏನನ್ನೂ ಹೇಳುವುದಿಲ್ಲ. ಅದಕ್ಕೂ ತೂಗುವ ಚಕ್ರಕ್ಕೂ ಜಾಗ ಬೇಕೆಂದು ಗಾಜನ್ನು ಗುಮ್ಮಟದಂತೆ ಉಬ್ಬಿಸಿದ್ದರಿಂದ ಗಡಿಯಾರದ ದಪ್ಪ 16 ಮಿಲಿಮೀಟರ್ ಮುಟ್ಟಿದೆ. ತುಂಬು ತೋಳಿನ ಅಂಗಿಯ ಪಟ್ಟಿಯೊಳಗೆ ಸಲೀಸಾಗಿ ತೂರದು. ಹಾಗಿದ್ದೂ, ಕೈಯಿಂದಲೇ ಕೀ ಕೊಡಬೇಕಾದ ಗಡಿಯಾರವಾದ್ದರಿಂದ ಸೂಚಕಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಕೈ ಅಲುಗಾಟಕ್ಕೇ ಸುತ್ತಿಕೊಳ್ಳುವ ಆಟೊಮ್ಯಾಟಿಕ್ ಗಡಿಯಾರಗಳಲ್ಲಿ ಅದು ಬರೀ ಅಲಂಕಾರ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮನೆಯಲ್ಲಿ ಹಳೆಯ ಎಚ್‌ಎಂಟಿ ಜನತಾ ಇದ್ದರೆ ಅದರಲ್ಲಿ ಈ ಸೂಚಕ ಇರುವುದಿಲ್ಲ. ಸ್ಪ್ರಿಂಗ್ ಸಡಿಲವಾದಂತೆ ಗಡಿಯಾರದ ನಡೆ ಹದ ತಪ್ಪುವುದರಿಂದ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ. ಪೂರ್ತಿ ಬಿಗಿಯಾಯಿತು ಎನಿಸಿದ ಮೇಲೆ ಒತ್ತಾಯ ಮಾಡಬೇಡಿ.